ಮೂರನೆಯ ಸಲ ಬರೆದದ್ದು

ಆಶ್ರಮ ನದಿಯ ದಂಡೆಯಲ್ಲಿತ್ತು. ಮನೆಯ ದಾರಿ ಮರೆತವರು ಅಲ್ಲಿರುತ್ತಿದ್ದರು.

ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ರೈಲಿನ ಕೊನೆಯ ಡಬ್ಬಿಯಲ್ಲಿ ಸಿಕ್ಕವರು. ಕೆಲವರಿಗೆ ಊರು ನೆನಪಿರಲಿಲ್ಲ. ಕೆಲವರಿಗೆ ಹೆಸರೂ ಇರಲಿಲ್ಲ.

ಅವರನ್ನು ನೋಡಿಕೊಳ್ಳುತ್ತಿದ್ದವರು ಮುರಿಗಯ್ಯನವರು. ಎಲ್ಲರೂ ಅಜ್ಜಯ್ಯ ಅನ್ನುತ್ತಿದ್ದರು. ಹಿಂದೆ ಅವರು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಹಾಲೇಶ ಅಲ್ಲಿ ಅವರ ವಿದ್ಯಾರ್ಥಿ. ಮೂರು ವರ್ಷದ ಹಿಂದೆ ಗುರುಗಳನ್ನು ಹುಡುಕಿಕೊಂಡು ಬಂದವನು ಅಲ್ಲೇ ಉಳಿದುಬಿಟ್ಟಿದ್ದ.

ಮನೆಯವರನ್ನು ಕಳೆದುಕೊಂಡವರು ಮೊದಲೆಲ್ಲ ಆಶ್ರಮಕ್ಕೇ ಬರುತ್ತಿದ್ದರು. ಅಜ್ಜಯ್ಯ ಜಗಲಿಯ ಮೇಲೆ ಕೂತು ಕೇಳುತ್ತಿದ್ದರು, ಕೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಒಬ್ಬೊಬ್ಬರಿಗೆ ಅರ್ಧ ದಿನ ಹಿಡಿಯುತ್ತಿತ್ತು.

ಹಾಲೇಶ ಅದಕ್ಕೊಂದು ಫಾರ್ಮ್ ಮಾಡಿದ. ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಆಶ್ರಮದ ವೆಬ್‌ಸೈಟಿಗೆ ಸೇರಿಸಿದ.

"ನೋಡ್ರಿ ಅಜ್ಜಯ್ಯ" ಎಂದ. "ಜಿಲ್ಲೆ ಆರಿಸಿದ್ರೆ ಆ ಜಿಲ್ಲೆಯ ತಾಲೂಕುಗಳಷ್ಟೇ ಬರ್ತಾವೆ. ತಾಲೂಕು ಆರಿಸಿದ್ರೆ ಅಲ್ಲಿನ ಊರುಗಳು."

ಅಜ್ಜಯ್ಯ ಡ್ರಾಪ್‌ಡೌನನ್ನು ಒತ್ತಿದರು. ಪಟ್ಟಿ ಇಳಿಯಿತು. ಮತ್ತೆ ಒತ್ತಿದರು. ಇನ್ನೊಂದು ಇಳಿಯಿತು.

"ಚೆನ್ನಾಗಿದೆ" ಎಂದರು. "ತಪ್ಪು ಬರೆದರೆ?"

"ಒಳಗೆ ಬಿಡೋದಿಲ್ಲ."

"ಎಲ್ಲಿ ತಡೀತೀಯ?"

"ಸರ್ವರ್‌ನಲ್ಲಿ. ಬರೆಯೋರ ಬ್ರೌಸರ್‌ನಲ್ಲಿ ತಡೆದ್ರೆ ಯಾರು ಬೇಕಾದ್ರೂ ತಪ್ಪಿಸಿಕೊಂಡು ಬರಬಹುದು. ನೀವೇ ಮೊದಲ ಪಾಠ ಹೇಳಿದ್ರಲ್ಲ, ಹೊರಗಿಂದ ಬಂದದ್ದನ್ನ ನಂಬಬೇಡ ಅಂತ."

"ಹೇಳಿದ್ದೆ" ಎಂದರು ಅಜ್ಜಯ್ಯ. ಇನ್ನೂ ಏನೋ ಹೇಳಲು ಹೊರಟರು. ಊಟದ ಗಂಟೆ ಹೊಡೆಯಿತು, ಎದ್ದುಬಿಟ್ಟರು.

ಆಶ್ರಮದಲ್ಲಿ ಮಾತಾಡದ ಒಬ್ಬನಿದ್ದ. ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಿದ್ದರಿಂದ ಅವನನ್ನು ಹೊಳೆಯಣ್ಣ ಎಂದು ಕರೆಯುತ್ತಿದ್ದರು. ಪೊಲೀಸರು ಫೋಟೊ ತೆಗೆದುಕೊಂಡು ಹೋಗಿ ಎಂಟು ತಿಂಗಳಾಗಿತ್ತು. ಯಾರೂ ಬಂದಿರಲಿಲ್ಲ.

ಅವನದು ಒಂದೇ ಕೆಲಸ. ಯಾರೇ ಚಪ್ಪಲಿ ಬಿಟ್ಟು ಒಳಗೆ ಹೋದರೂ ಅವನು ಹೋಗಿ ಎರಡನ್ನೂ ಜೋಡಿಸಿ, ಹೊರಮುಖ ಮಾಡಿ ಇಡುತ್ತಿದ್ದ. ಹೊರಟವರು ತಿರುಗುವ ಕಷ್ಟವಿಲ್ಲದೆ ಮೆಟ್ಟಿಕೊಂಡು ಹೋಗಬಹುದಿತ್ತು.

"ಒಳಗೆ ಬಂದೋರನ್ನ ಓಡಿಸ್ತಾನೆ ನೋಡು ನಮ್ಮ ಹೊಳೆಯಣ್ಣ" ಎಂದು ಅಡುಗೆಯವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ.

ಆಶ್ರಮದಲ್ಲಿ ಜಾಗ ಕಡಿಮೆ. ಎಂಟು ತಿಂಗಳಾದರೂ ಗುರುತು ಸಿಗದವರನ್ನು ದೂರದ ದೊಡ್ಡ ಆಶ್ರಯಧಾಮಕ್ಕೆ ಕಳಿಸುವುದು ರೂಢಿ. ಅದು ಬೇರೆ ರಾಜ್ಯ, ಬೇರೆ ಭಾಷೆ. ಅಲ್ಲಿಗೆ ಹೋದವರನ್ನು ಹುಡುಕಿಕೊಂಡು ಮನೆಯವರು ಬಂದದ್ದು ಈವರೆಗೆ ಇರಲಿಲ್ಲ.

ಹೊಳೆಯಣ್ಣನನ್ನು ಕರೆದೊಯ್ಯುವ ವ್ಯಾನು ಸೋಮವಾರ ಬರುವುದಿತ್ತು.

ಶುಕ್ರವಾರ ಮಧ್ಯಾಹ್ನ ಅಜ್ಜಯ್ಯ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಹಾಲೇಶನನ್ನು ಕರೆದರು.

"ಫಾರ್ಮ್ ಶುರುವಾದಾಗಿಂದ ಎಷ್ಟು ಜನ ಬರೆದಿದ್ದಾರೆ?"

"ಇಪ್ಪತ್ತಾರು ಜನ. ಎಲ್ಲ ನೋಡಿದೀನಿ. ಹೊಳೆಯಣ್ಣನಿಗೆ ಹೊಂದೋದು ಒಂದೂ ಇಲ್ಲ." ಹಾಲೇಶ ಸೇರಿಸಿದ. "ಆದ್ರೆ ಇಪ್ಪತ್ತಾರರಲ್ಲಿ ಒಂದೂ ತಪ್ಪಿಲ್ಲ ಅಜ್ಜಯ್ಯ. ನಿಮ್ಮ ಹಳೇ ಪುಸ್ತಕದಲ್ಲಿ ಅರ್ಧಕ್ಕರ್ಧ ಊರಿನ ಹೆಸರೇ ಅರ್ಥ ಆಗ್ತಿರಲಿಲ್ಲ."

"ನನ್ನ ಅಕ್ಷರ ಹಾಗೇ" ಎಂದರು ಅಜ್ಜಯ್ಯ. "ಬರೆಯೋಕೆ ಶುರು ಮಾಡಿದವರು ಎಷ್ಟು ಜನ?"

ಕಳಿಸಿಯೂ ಒಳಗೆ ಬಾರದವರನ್ನು ಕೇಳುತ್ತಿದ್ದಾರೆಂದು ಹಾಲೇಶನಿಗೆ ತಡವಾಗಿ ಹೊಳೆಯಿತು.

"ತಪ್ಪಾಗಿ ಕಳಿಸಿದ್ದೆಲ್ಲ ಲಾಗ್‌ನಲ್ಲಿ ಬಿದ್ದಿರ್ತದೆ. ಕೆಟ್ಟ ಉದ್ದೇಶದಿಂದ ಯಾರಾದ್ರೂ ಬಂದ್ರೆ ತಿಳೀಲಿ ಅಂತ ಇಟ್ಟಿದೀನಿ. ಅದು ಕಸ ಅಜ್ಜಯ್ಯ. ನೋಡಿಲ್ಲ."

ಅಜ್ಜಯ್ಯ ನೀರನ್ನು ನೋಡುತ್ತಿದ್ದರು.

"ನಿಮ್ಮ ಅವ್ವನ ವಿಷಯ ಹೇಳು" ಎಂದರು.

ಹಾಲೇಶ ಬೆಚ್ಚಿದ. ಮೂರು ವರ್ಷದಲ್ಲಿ ಅವರು ಅದನ್ನು ಕೇಳಿರಲಿಲ್ಲ.

"ಏನು ಹೇಳಲಿ?"

"ನೆನಪಿರೋದು."

ಅವನು ಮೆಟ್ಟಿಲ ಮೇಲೆ ಕೂತ. 

"ಅವ್ವ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಹೋಗ್ತಿದ್ಲು. ಭಟ್ಟಿಯ ಮರಳು ಕಾಯ್ತದಲ್ಲ, ಅದರ ವಾಸನೆ ಅವಳ ಕೂದಲಲ್ಲಿ ಯಾವಾಗಲೂ ಇರ್ತಿತ್ತು. ತಲೆಗೆ ಎರೆದುಕೊಂಡ್ರೂ ಹೋಗ್ತಿರಲಿಲ್ಲ. ನಂಗೆ ಅದು ಇಲ್ಲದಿದ್ರೆ ನಿದ್ದೆ ಬರ್ತಿರಲಿಲ್ಲ. ಅಷ್ಟು ಬೆಂಕಿ ಮುಂದೆ ಕೂತು ಬಂದವಳು ಮನೆಗೆ ಬಂದು ಮತ್ತೆ ಒಲೆ ಹಚ್ಚೋಳು. ಬೈಯ್ಯೋಳಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕೆಲಸ ಬಿಟ್ಟು ಶಾಲೆಗೇ ಬಂದ್ಲು. ಬಾಗಿಲಲ್ಲಿ ನಿಂತಿದ್ಲು. ಕೈಯಲ್ಲಿ..."

"ತಪ್ಪು" ಎಂದರು ಅಜ್ಜಯ್ಯ.

"ಏನ್ರಿ?"

"ಇಲ್ಲಿಗೆ ಬಂದ ದಿನ, ಆರನೇ ಕ್ಲಾಸಿನಲ್ಲಿದ್ದಾಗ ಅವ್ವ ಹೋದಳು ಅಂದಿದ್ದೆ. ಏಳು ಹೇಗಾಯ್ತು? ಮೊದಲಿಂದ ಹೇಳು."

ಹಾಲೇಶ ಮೊದಲಿನಿಂದ ಶುರು ಮಾಡಿದ.

"ಆರನೇ ಕ್ಲಾಸು. ಅವ್ವ ಮಂಡಕ್ಕಿ ಭಟ್ಟಿಗೆ ಹೋಗ್ತಿದ್ಲು. ಮರಳಿನ ವಾಸನೆ ಇರ್ತಿತ್ತು. ಬೈಯ್ಯೋಳಲ್ಲ. ಅಕ್ಕನಿಗೆ ಮಾತ್ರ ಒಂದ್ಸಲ ಬೈದಿದ್ಲು..."

"ಬೈಯ್ಯೋಳಲ್ಲ ಅಂದೆ. ಬೈದಳು ಅಂದೆ. ಮೊದಲಿಂದ ಹೇಳು."

ಹಾಲೇಶ ಗುರುಗಳ ಮುಖ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ. 

"ಅವ್ವ ಇದ್ಲು" ಎಂದ. "ತೀರಿಕೊಂಡ್ಲು."

"ಈಗ ಸರಿಯಾಯ್ತು" ಎಂದರು ಅಜ್ಜಯ್ಯ. "ಒಂದೂ ತಪ್ಪಿಲ್ಲ."

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.  ಹಾಲೇಶ ಎದ್ದು ಕಚೇರಿಯ ಕೋಣೆಗೆ ಹೋಗಿ ಲಾಗ್ ತೆರೆದ.

ಅಲ್ಲಿ ನೂರಕ್ಕೂ ಹೆಚ್ಚು ಬರಹಗಳಿದ್ದವು. ಒಂದೊಂದಾಗಿ ಓದಿದ. ಕೆಟ್ಟ ಉದ್ದೇಶದಿಂದ ಬಂದವರು ಯಾರೂ ಇರಲಿಲ್ಲ.

ಐದು ವಾರದ ಹಿಂದಿನ ಒಂದು ದಿನದಲ್ಲಿ ಅವನ ಬೆರಳು ನಿಂತಿತು. ಒಬ್ಬಳೇ ಹೆಂಗಸು ಮೂರು ಸಲ ಬರೆದಿದ್ದಳು. ಹೆಸರು ಕೊಟ್ರವ್ವ.

ಮೊದಲನೆಯದು ಬೆಳಿಗ್ಗೆ ಹನ್ನೊಂದಕ್ಕೆ.

"ನನ್ನ ತಮ್ಮ ಉಜ್ಜಿನಪ್ಪ. ವಯಸ್ಸು ನಲವತ್ತರ ಹತ್ತಿರ. ಮೊದಲಿಂದ ಮಾತು ಕಮ್ಮಿ, ನಮ್ಮ ಅವ್ವ ಹೋದ ಮೇಲೆ ಪೂರಾ ಬಿಟ್ಟ. ಎಡಗಡೆ ಹುಬ್ಬಿನಲ್ಲಿ ಹಳೇ ಗಾಯ ಐತಿ. ಅವನು ಕೂಸಿದ್ದಾಗ ನಾನೇ ತೊಟ್ಟಿಲು ಜೋರಾಗಿ ತೂಗಿ ಬೀಳಿಸಿದ್ದು, ಯಾರಿಗೂ ಹೇಳಿಲ್ಲ. ಅನ್ನಕ್ಕೆ ಮಜ್ಜಿಗೆ ಇದ್ದರೆ ಸಾಕು. ಯಾರ ಮನೆಗೆ ಹೋದರೂ ಅಲ್ಲಿನ ಚಪ್ಪಲಿ ಎಲ್ಲ ಹೊರಗೆ ಮುಖ ಮಾಡಿ ಜೋಡಿಸಿ ಇಡ್ತಾನೆ. ಬೇಡ ಅಂದರೂ ಕೇಳೋದಿಲ್ಲ. ಯಾರೂ ಬೈಯಬೇಡಿ ಅವನಿಗೆ."

ಕೆಳಗೆ ಫೋನ್ ನಂಬರು. ಐದು ಅಂಕಿ, ನಡುವೆ ಒಂದು ಖಾಲಿ ಜಾಗ, ಮತ್ತೆ ಐದು ಅಂಕಿ. ಎಲ್ಲರೂ ಬಾಯಲ್ಲಿ ಹೇಳುವ ಹಾಗೆ.

ಫಾರ್ಮ್ ಹೇಳಿತ್ತು: ಅಮಾನ್ಯ ಸಂಖ್ಯೆ. ಹೇಳಿ, ಅವಳು ಬರೆದದ್ದನ್ನೆಲ್ಲ ಅಳಿಸಿ, ಖಾಲಿ ಪುಟ ಕೊಟ್ಟಿತ್ತು.

ಎರಡನೆಯದು ಹನ್ನೊಂದೂ ನಲವತ್ತಕ್ಕೆ. "ತಮ್ಮ ಉಜ್ಜಿನಪ್ಪ. ಮಾತಾಡಲ್ಲ. ಹುಬ್ಬಿನಲ್ಲಿ ಗಾಯ ಐತಿ." ನಂಬರು ಸರಿಯಾಗಿತ್ತು. ಜಿಲ್ಲೆಯನ್ನು ಮತ್ತೆ ಆರಿಸಿದ್ದಳು. ತಾಲೂಕನ್ನೂ ಮತ್ತೆ ಆರಿಸಬೇಕೆಂಬುದು ತಿಳಿದಿರಲಿಲ್ಲ. ಮತ್ತೆ ಖಾಲಿ ಪುಟ.

ಮೂರನೆಯದು ಹನ್ನೊಂದೂ ಐವತ್ತಕ್ಕೆ. ಜಿಲ್ಲೆ, ತಾಲೂಕು, ಊರು, ನಂಬರು ಎಲ್ಲ ಸರಿ.

ವಿವರ ಎಂಬಲ್ಲಿ ಇದ್ದದ್ದು ಎರಡೇ ಮಾತು. "ನನ್ನ ತಮ್ಮ."

ವಿವರ ಕನಿಷ್ಠ ಐವತ್ತು ಅಕ್ಷರ ಇರಬೇಕೆಂದು ಹಾಲೇಶ ಬರೆದಿದ್ದ.

ಫಾರ್ಮ್ ಹೇಳಿತ್ತು: ವಿವರ ಸಾಲದು.

ನಾಲ್ಕನೆಯದು ಇರಲಿಲ್ಲ.

ಹಾಲೇಶ ಹೊರಗೆ ಬಂದ. ಹೊಳೆಯಣ್ಣ ಹೊಸ್ತಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಚಪ್ಪಲಿ ಜೋಡಿಸುತ್ತಿದ್ದ. ಹಾಲೇಶ ಅವನ ಮುಂದೆ ಕೂತು ಹುಬ್ಬು ನೋಡಿದ. ಎಂಟು ತಿಂಗಳಿಂದ ದಿನವೂ ಕಂಡಿದ್ದ ಗಾಯವೇ.

ಅಜ್ಜಯ್ಯನ ಬಳಿ ಹೋಗಿ ಎಲ್ಲ ಹೇಳಿದ.

"ನಾನು ನಿಮ್ಮ ಪಾಠ ಕೆಡಿಸಿದೆ ಅಜ್ಜಯ್ಯ."

"ನಾನು ಅರ್ಧ ಹೇಳಿದ್ದೆ" ಎಂದರು ಅವರು. "ಊಟದ ಗಂಟೆ ಹೊಡೀತು ಅಂತ ಎದ್ದುಬಿಟ್ಟೆ."

"ಉಳಿದ ಅರ್ಧ?"

"ಮೊದಲು ಆಕೆಗೆ ಫೋನ್ ಮಾಡು."

ಕೊಟ್ರವ್ವ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬಂದಳು. ಐವತ್ತು ದಾಟಿದ ಹೆಂಗಸು. ಕೈಯಲ್ಲಿ ಮಜ್ಜಿಗೆಯ ಬಾಟಲಿ ಹಿಡಿದಿದ್ದಳು. ಚಪ್ಪಲಿಯನ್ನು ಒಂದಿತ್ತ ಒಂದತ್ತ ಬಿಟ್ಟು ಅವಸರದಲ್ಲಿ ಕಚೇರಿಯೊಳಗೆ ಬಂದಳು. ಮೇಜಿನ ಮೇಲಿದ್ದ ಕಂಪ್ಯೂಟರನ್ನು ಕಂಡು ನಿಂತಳು.

"ಮತ್ತೆ ಬರೀಬೇಕೇನಪ್ಪ?"

"ಬೇಡ ಅಕ್ಕಾ" ಎಂದ ಹಾಲೇಶ. "ನೀವು ಬರೆದದ್ದು ಐತಿ."

"ಅದು ಹೋತಲ್ಲಪ್ಪ. ಮೂರು ಸಲ ಬರದೆ, ಮೂರು ಸಲನೂ ಹೋತು. ಆಮ್ಯಾಲೆ ನನಗ ಅನಿಸ್ತು, ಅವ ಇರೋದೇ ಸುಳ್ಳೇನೋ ಅಂತ."

"ಹೋಗಿಲ್ಲ ಅಕ್ಕಾ. ನಾನು ನೋಡಿರಲಿಲ್ಲ, ಅಷ್ಟೆ. ತಪ್ಪು ನಂದು."

ಅವಳು ಅವನ ಮುಖ ನೋಡಿದಳು.  ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬಾಗಿಲ ಕಡೆ ತಿರುಗಿದಳು.

ಹೊಸ್ತಿಲಾಚೆ ಅವಳ ಚಪ್ಪಲಿಗಳು ಜೋಡಿಯಾಗಿದ್ದವು. ಹೊರಮುಖವಾಗಿದ್ದವು.

ಕೊಟ್ರವ್ವ ಮೆಲ್ಲಗೆ ನಡೆದು ಹೊಸ್ತಿಲ ಮೇಲೆ ಕೂತಳು. ತಮ್ಮನನ್ನು ಹೆಸರು ಹಿಡಿದು ಕರೆಯಲಿಲ್ಲ. ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಅವನು ಬಂದ. ಅವಳ ಮುಖದ ಕಡೆ, ಕೈಯ ಬಾಟಲಿಯ ಕಡೆ ನೋಡಿದ. ಬಗ್ಗಿ, ಚಪ್ಪಲಿಗಳನ್ನು ಇನ್ನೂ ಒಂದು ಗೇಣು ಮುಂದೆ, ಅವಳ ಪಾದದ ಹತ್ತಿರಕ್ಕೆ ತಂದಿಟ್ಟ.

"ಹೂಂನಪ್ಪ" ಎಂದಳು ಅವಳು. "ಹೋಗಾಣ. ಮಜ್ಜಿಗಿ ಕುಡಿ ಮೊದಲು."

ಸೋಮವಾರ ಬಂದ ವ್ಯಾನು ಖಾಲಿ ಹೋಯಿತು.

ಹಾಲೇಶ ಆ ವಾರವೆಲ್ಲ ಫಾರ್ಮ್ ಬಿಚ್ಚಿಕೊಂಡು ಕೂತ. ತಪ್ಪು ಕಂಡಾಗ ಬರೆದದ್ದನ್ನೆಲ್ಲ ಅದರದರ ಜಾಗದಲ್ಲಿಟ್ಟು ವಾಪಸು ಕೊಡಬೇಕಿತ್ತು. ಹೆಸರು, ವಿವರ ಬೇಗ ಆದವು. ಕಷ್ಟವಾದದ್ದು ಡ್ರಾಪ್‌ಡೌನ್‌ಗಳದ್ದು. ಜಿಲ್ಲೆ ಆರಿಸುವ ತನಕ ತಾಲೂಕಿನ ಪಟ್ಟಿಯೇ ಇರುವುದಿಲ್ಲ. ಇಲ್ಲದ ಪಟ್ಟಿಯಲ್ಲಿ ಆರಿಸಿದ್ದನ್ನು ಎಲ್ಲಿಡುವುದು? ಮೊದಲು ಜಿಲ್ಲೆಯನ್ನು ನೆನಪಿಟ್ಟುಕೊಂಡು, ಅದರ ತಾಲೂಕುಗಳನ್ನು ತಂದು, ಬಂದವರು ಆರಿಸಿದ್ದನ್ನು ಅದರಲ್ಲಿ ಗುರುತಿಟ್ಟು, ಆಮೇಲೆ ಊರುಗಳನ್ನು ತರಬೇಕು. ಎರಡು ಸಲ ಬರೆದು ಅಳಿಸಿದ. ಮೂರನೆಯ ಸಲ ಸರಿಯಾಗಿ ಕೂತಿತು.

ಸಂಜೆ ಅಜ್ಜಯ್ಯನಿಗೆ ತೋರಿಸಿದ.

ಅವರು ಒಂದೇ ಬೆರಳಿನಲ್ಲಿ ನಿಧಾನವಾಗಿ ತುಂಬಿದರು. ನಂಬರಿನಲ್ಲಿ ಬೇಕೆಂದೇ ಒಂದು ಅಂಕಿ ಬಿಟ್ಟು ಕಳಿಸಿದರು.

ಫಾರ್ಮ್ ಹಿಂದಿರುಗಿತು. ಜಿಲ್ಲೆ ಇತ್ತು. ತಾಲೂಕು ಇತ್ತು. ಊರು ಇತ್ತು. ಬರೆದ ಸಾಲುಗಳೆಲ್ಲ ಇದ್ದವು. ನಂಬರಿನ ಪಕ್ಕದಲ್ಲಿ ಮಾತ್ರ ಒಂದು ಸಾಲು: ಒಂದು ಅಂಕಿ ಬಿಟ್ಟುಹೋಗಿದೆ, ಇದೊಂದನ್ನು ನೋಡಿ.

"ಪರೀಕ್ಷೆಗಳನ್ನ ತೆಗೆದುಬಿಟ್ಟೆಯಾ?"

"ಇಲ್ಲ ಅಜ್ಜಯ್ಯ. ಆ ತಾಲೂಕು ಆ ಜಿಲ್ಲೆಯದೇ ಹೌದಾ ಅಂತ ಸರ್ವರ್ ಈಗಲೂ ನೋಡ್ತದೆ. ನಂಬರಿನ ನಡುವೆ ಖಾಲಿ ಜಾಗ ಇದ್ರೆ ತಾನೇ ತೆಗೀತದೆ. ಐವತ್ತು ಅಕ್ಷರದ್ದು ಒಂದು ಮಾತ್ರ ತೆಗೆದೆ."

"ಲಾಗ್?"

"ದಿನಾ ಬೆಳಿಗ್ಗೆ ಓದ್ತೀನಿ."

ಅಜ್ಜಯ್ಯ ತಲೆಯಾಡಿಸಿದರು. ಎದ್ದು ಹೊರಗೆ ನಡೆದರು. ಬಾಗಿಲಲ್ಲಿ ಅವರ ಚಪ್ಪಲಿಗಳು ಒಳಮುಖವಾಗಿಯೇ ಬಿದ್ದಿದ್ದವು. ತಿರುಗಿಸಿಡುವವನು ಊರಿಗೆ ಹೋಗಿದ್ದ. ಹಾಲೇಶ ಬಗ್ಗಿ ಅವುಗಳನ್ನು ತಿರುಗಿಸಿಟ್ಟ.

"ಅಜ್ಜಯ್ಯ, ಉಳಿದ ಅರ್ಧ ಪಾಠ ನೀವು ಹೇಳಲೇ ಇಲ್ಲ."

ಅಜ್ಜಯ್ಯ ಚಪ್ಪಲಿ ಮೆಟ್ಟಲಿಲ್ಲ. ಹೊಸ್ತಿಲ ಮೇಲೆ ಕೂತು, ಪಕ್ಕದಲ್ಲಿ ಅವನಿಗೂ ಜಾಗ ಬಿಟ್ಟರು.

"ಅವ್ವ ಕೆಲಸ ಬಿಟ್ಟು ಶಾಲೆಗೆ ಬಂದಳು, ಬಾಗಿಲಲ್ಲಿ ನಿಂತಿದ್ದಳು ಅಂದಿದ್ದೆ" ಎಂದರು. "ಬಿಟ್ಟಲ್ಲಿಂದ ಹೇಳು. ಕೈಯಲ್ಲಿ ಏನಿತ್ತು?"