ಹೊಲಿಗೆಯೊಳಗೆ ಹೋದ ಕೈ

"ಬುದ್ಧಿ, ಓದುಮನೆಯಲ್ಲಿ ಈಗ ಒಂದು ಹಾಳೆಯೂ ಹರಿಯುವುದಿಲ್ಲ. ಆದರೂ ತಾವು ನನ್ನ ಮೇಲೆ ಮುನಿಸಿಕೊಂಡಿದ್ದೀರಿ. ನಾನು ಮಾಡಿದ ತಪ್ಪೇನು?"

ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಪರ್ವತಯ್ಯ. ಊರ ಮಕ್ಕಳಿಗೆಂದು ಮಠ ತೆರೆದಿದ್ದ ಓದುಮನೆ ಅವನ ಸುಪರ್ದಿನಲ್ಲಿತ್ತು. ಅಲ್ಲಿದ್ದವೆಲ್ಲ ಬಣ್ಣದ ಚಿತ್ರಗಳ ಕತೆಪುಸ್ತಕಗಳು. ಕುಂಬಾರಗೇರಿಯ ಇಬ್ಬರು ಗೆಳತಿಯರು ದಿನವೂ ಬಂದು ಒಂದೇ ಪುಸ್ತಕದ ಮೇಲೆ ಬಗ್ಗಿ ಕೂರುತ್ತಿದ್ದರು. ದೊಡ್ಡವಳು ಅಕ್ಷರ ಓದುವಳು. ಚಿಕ್ಕವಳಿಗೆ ಅಕ್ಷರ ಬಾರದು, ಅಕ್ಷರದಲ್ಲಿ ಇಲ್ಲದ್ದನ್ನೆಲ್ಲ ಅವಳು ಚಿತ್ರ ನೋಡಿ ಸೇರಿಸುವಳು. ಒಂದು ದಿನ ಅವರ ಎಳೆದಾಟದಲ್ಲಿ ಹಾಳೆ ಹರಿಯಿತು. ಅಂದಿನಿಂದ ಪರ್ವತಯ್ಯ, ಒಂದು ಮಣೆಗೆ ಒಂದು ಮಗು, ಒಂದು ಮಗುವಿಗೆ ಒಂದು ಪುಸ್ತಕ, ಮಾತಾಡಿದರೆ ಹೊರಗೆ ಎಂದು ಕಟ್ಟುಪಾಡು ಮಾಡಿದ. ಚಿಕ್ಕವಳು ನಾಲ್ಕು ದಿನ ಒಬ್ಬಳೇ ಕೂತು ಹಾಳೆ ತಿರುವಿದಳು. ಐದನೆಯ ದಿನದಿಂದ ಬರಲಿಲ್ಲ. ಇವತ್ತು ಬೆಳಗ್ಗೆ ಅವಳು ಗೇಟಿನ ಆಚೆ ನಿಂತು ಒಳಗೆ ನೋಡಿ ಹೋದದ್ದನ್ನು ಗುರುಗಳು ಕಂಡಿದ್ದರು.

ಗುರುಗಳು ಶಿಷ್ಯನಿಗೆ ಕೂರು ಎನ್ನಲಿಲ್ಲ. ನಿಲ್ಲಿಸಿಕೊಂಡೇ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳನ್ನು ಸಾಕುತ್ತಿದ್ದಳು. ಮಗುವಿನ ತಾಯಿ ದೂರದ ಪಟ್ಟಣದಲ್ಲಿ ಯಾರದೋ ಮನೆಗೆಲಸಕ್ಕಿದ್ದಳು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಬರುವಳು. ಒಂದು ಸಲ ಬಂದಾಗ ಮಗಳಿಗೆ ಚಿತ್ರದ ಪುಸ್ತಕವೊಂದನ್ನು ತಂದುಕೊಟ್ಟು ಹೋದಳು.

ಅಜ್ಜಿಗೆ ಓದು ಬಾರದು. ಅದರಿಂದ ಕತೆಗೇನೂ ಬರ ಬರಲಿಲ್ಲ. ಚಿತ್ರ ನೋಡಿಕೊಂಡು ಇವತ್ತೊಂದು ಕತೆ, ನಾಳೆ ಇನ್ನೊಂದು. ಪುಸ್ತಕದಲ್ಲಿದ್ದ ಕರಡಿ ಒಮ್ಮೆ ಊರ ಪಟೇಲನಾದರೆ ಮತ್ತೊಮ್ಮೆ ಮಗುವಿನ ಸೋದರಮಾವನಾಗುವುದು. ನಟ್ಟನಡುವಿನ ಒಂದು ಚಿತ್ರದ ಕತೆ ಮಾತ್ರ ಎಂದೂ ಬದಲಾಗುತ್ತಿರಲಿಲ್ಲ. ಎಡಪುಟದಲ್ಲಿ ತಾಯಿ, ಬಲಪುಟದಲ್ಲಿ ಮಗಳು, ಇಬ್ಬರ ನಡುವೆ ಹಳ್ಳ. ಎರಡು ಪುಟ ಕೂಡುವ ಕಡೆ ಇಬ್ಬರೂ ಕೈ ಚಾಚಿ ಒಬ್ಬರನ್ನೊಬ್ಬರು ಹಿಡಿದಿದ್ದರು. ದಿನವೂ ಉಣ್ಣುವ ಮೊದಲು ಮಗು ಆ ಕೈಗಳ ಮೇಲೆ ಬೆರಳಿಡುವುದು. ಅವ್ವ ಹಿಡಿದಿದ್ದಾಳೆ ಎಂದು ಖಾತ್ರಿಯಾದ ಮೇಲೆ ಉಣ್ಣುವುದು.

ದಿನಾ ಬಿಚ್ಚಿದ ಪುಸ್ತಕ ಎಷ್ಟು ದಿನ ತಾಳೀತು? ಹಾಳೆಗಳು ಸಡಿಲವಾದವು. ಅಜ್ಜಿ ಅದನ್ನು ಪುಸ್ತಕ ಹೊಲಿಯುವವನಲ್ಲಿಗೆ ಒಯ್ದು, ಗಟ್ಟಿಯಾಗಿ ಹೊಲಿದುಕೊಡಪ್ಪ ಎಂದಳು.

ಅವನು ಕಚೇರಿಯ ಕಡತ ಹೊಲಿದು ಹೆಸರಾದವನು. ಇದನ್ನೂ ಕಡತದಂತೆಯೇ ಹೊಲಿದ. ಬೆನ್ನಿನಿಂದ ಎರಡು ಬೆರಳು ಒಳಗೆ ದಬ್ಬಣ ಇಳಿಸಿ ಏಳು ತೂತು ಮಾಡಿ, ಮೇಣ ಹಚ್ಚಿದ ದಾರ ಬಿಗಿದು, ಮೇಲೆ ಬಟ್ಟೆ ಅಂಟಿಸಿದ. ಕಡತದಲ್ಲಿ ಆ ಎರಡು ಬೆರಳಿನ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಚಿತ್ರದ ಪುಸ್ತಕದಲ್ಲಿ ಯಾರು ಬಿಡುತ್ತಾರೆ? ಹೊಲಿಯುವ ಮೊದಲು ಒಂದು ಸಲ ತೆರೆದು ನೋಡಿದ್ದರೆ ಸಾಕಿತ್ತು. ಪುಣ್ಯಾತ್ಮ ನೋಡಲಿಲ್ಲ. ಅವನು ಪುಸ್ತಕದ ಬೆನ್ನು ನೋಡುವವನು, ಪುಟ ನೋಡುವವನಲ್ಲ.

ಆ ಸಂಜೆ ಮಗು ತನ್ನ ಚಿತ್ರದ ಪುಟ ತೆರೆಯಿತು. ತಾಯಿ ಇದ್ದಳು, ಮಗಳು ಇದ್ದಳು. ತಾಯಿಯ ತೋಳು ಮಣಿಕಟ್ಟಿನವರೆಗೆ ಬಂದು ಹೊಲಿಗೆಯೊಳಗೆ ಹೋಗಿತ್ತು. ಮಗಳದೂ ಹಾಗೆಯೇ.

"ಅವ್ವ ಕೈ ಬುಟ್ಬುಟ್ಟಳಾ ಅಜ್ಜಿ?" ಎಂದು ಮಗು ಕೇಳಿತು.

ಇಲ್ಲ ಮಗಾ, ಒಳಗೆ ಹಿಡಿದಿದ್ದಾಳೆ ಎಂದಳು ಅಜ್ಜಿ. ತೋರಿಸೋಣವೆಂದು ಎರಡೂ ಪುಟಗಳನ್ನು ಬಲವಾಗಿ ಅಗಲಿಸಿದಳು. ಹೊಲಿಗೆ ಕೂದಲೆಳೆಯಷ್ಟೂ ಬಿಡಲಿಲ್ಲ. ಮಗು ಉಣ್ಣದೆ ಮಲಗಿತು. ಮರುದಿನ ಎರಡು ತುತ್ತಿಗೆ ಎದ್ದಿತು. ಮೂರನೆಯ ದಿನ ಪುಸ್ತಕವನ್ನು ತಾನೇ ಒಯ್ದು ರಾಗಿ ಮಡಕೆಯ ಹಿಂದೆ ತಳ್ಳಿತು. ದೀಪಾವಳಿ ಹತ್ತಿರವಾಗಿತ್ತು. ನಿಮ್ಮವ್ವ ಬರುತ್ತಾಳೆ ಎಂದರೆ ಮಗು ಗೋಡೆಯ ಕಡೆ ತಿರುಗಿಕೊಂಡಿತು.

ಅಜ್ಜಿಗೆ ಮೈಯೆಲ್ಲ ಉರಿಯಿತು. ಮೊದಲು ತನ್ನ ಮೇಲೆಯೇ ಸಿಟ್ಟು ಬಂತು, ಗಟ್ಟಿಯಾಗಿ ಹೊಲಿ ಎಂದವಳು ತಾನೇ. ಆಮೇಲೆ ಅವನ ಮೇಲೆ ಬಂತು. ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆದಳು. ಹೊಲಿಯುವವನ ಮುಂದೆ ಹೋಗಿ ನಿಂತಳು.

"ಯಾಕಮ್ಮ, ಹೊಲಿಗೆ ಬುಟ್ಕತ್ತಾ?" ಎಂದ ಅವನು.

"ಬುಟ್ಕಂಡಿದ್ರೆ ನಾನ್ಯಾಕಪ್ಪ ಬತ್ತಿದ್ದೆ? ತಾಯಿ ಮಗೀನ ಕೈಯ್ಯ ಒಳಿಕ್ಕೆ ಸೇರ್ಸಿ ಹೊಲ್ದಿದ್ದೀಯೆ. ನನ್ನ ಮೊಮ್ಮಗ್ಳು ಮೂರು ದಿನದಿಂದ ನೆಟ್ಟಗೆ ಉಂಡಿಲ್ಲ."

ಅವನು ಪುಸ್ತಕ ಇಸಿದುಕೊಂಡು ಹಾಳೆಗಳನ್ನು ಜಗ್ಗಿ ತೋರಿಸಿದ. "ಒಂದಾದ್ರೂ ಅಲ್ಲಾಡ್ತದಾ ನೋಡು. ನಾನು ಸತ್ತ ಮ್ಯಾಲೂ ಇದು ಹಿಂಗೇ ಇರ್ತದೆ. ಚಿತ್ರ ಗಿತ್ರ ನನ್ನ ಕೆಲಸ ಅಲ್ಲ."

ಅಜ್ಜಿ ಅವನ ಹಲಗೆಯ ಮೇಲಿದ್ದ ಅವನದೇ ಚಾಕು ತೆಗೆದುಕೊಂಡಳು. ಮೇಲಿನ ಬಟ್ಟೆ ಕಿತ್ತು, ಏಳು ಹೊಲಿಗೆಯನ್ನೂ ಒಂದೊಂದಾಗಿ ಕೊಯ್ದಳು. ಅವನು ಎಗರಿ ಬಿದ್ದ. ನನ್ನ ಕೆಲಸಕ್ಕೆ ಚಾಕು ಹಾಕಿದೆಯಲ್ಲೇ ಮುದುಕಿ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಮಗು ಉಂಡಿಲ್ಲ ಎಂದಾಗ ತಣ್ಣಗೆ ಕೂತಿದ್ದವನಿಗೆ ದಾರ ಕೊಯ್ದಾಗ ಕರುಳು ಕಿತ್ತು ಬಂತು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಅಜ್ಜಿ ಬಿಡಿಹಾಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ನಡುವಿನ ಹಾಳೆಯನ್ನು ಮಗುವಿನ ಎದುರು ನೆಲದ ಮೇಲೆ ಹಾಸಿದಳು. ಕೈಗಳು ಇದ್ದವು. ದಬ್ಬಣ ಇಬ್ಬರ ಮಣಿಕಟ್ಟಿನಲ್ಲೂ ಒಂದೊಂದು ತೂತು ಮಾಡಿತ್ತು. ಮಗು ಆ ತೂತುಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿತು.

"ತೂತ್ ಬಿದ್ರೂವೆ ಅವ್ವ ಬುಟ್ಟಿಲ್ಲ," ಎಂದಿತು. ಆಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡಿತು.

ಆ ಪುಸ್ತಕವನ್ನು ಅಜ್ಜಿ ಮತ್ತೆ ಹೊಲಿಸಲಿಲ್ಲ. ಹಾಳೆಗಳು ಅರಿವೆಯ ಗಂಟಿನಲ್ಲಿದ್ದವು, ಅಂಚೆಲ್ಲ ಕಿತ್ತು ಹೋಗಿದ್ದವು, ಮೂಲೆಗಳಲ್ಲಿ ಸಾರಿನ ಕಲೆ. ದೀಪಾವಳಿಗೆ ಬಂದ ತಾಯಿಯ ಮಡಿಲಲ್ಲಿ ಮಗು ಆ ಗಂಟು ಬಿಚ್ಚಿತು. ಹೊಲಿಯುವವನು ಮಾತ್ರ ಇವತ್ತಿಗೂ ಕೊಯ್ದ ಆ ದಾರದ ತುಂಡುಗಳನ್ನು ಬಂದವರಿಗೆಲ್ಲ ತೋರಿಸುತ್ತಾನೆ. ನೋಡಿ, ಎಂಥ ಹೊಲಿಗೆ, ಒಬ್ಬಳು ಮುದುಕಿ ಹಾಳು ಮಾಡಿದಳು ಎನ್ನುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಪರ್ವತಯ್ಯನಿಗೂ ಸಿಟ್ಟು ಬಂದಿತ್ತು.

"ಆ ಹೊಲಿಯುವವನಿಗೆ ಎರಡು ಬಾರಿಸುವವರು ಯಾರೂ ಇರಲಿಲ್ಲವೇ, ಬುದ್ಧಿ?" ಎಂದ.

"ನಿನ್ನ ಹೊಲಿಗೆಯೂ ಗಟ್ಟಿಯಾಗಿಯೇ ಇದೆ ಪರ್ವತಯ್ಯ, ಬೆಳಗ್ಗೆ ಗೇಟಿನ ಕಂಬಿ ಹಿಡಿದು ನಿಂತಿದ್ದ ಆ ಪುಟ್ಟ ಕೈ ಯಾರದು?"

ಪರ್ವತಯ್ಯ ಕುಂಬಾರಗೇರಿಯ ದಾರಿ ಹಿಡಿದ.