ತಪ್ಪಿಸಿಕೊಂಡ ಮೀನಿನ ಉದ್ದ

ಒಂದು ಹೊಳೆ. ಹೆಸರು ಯಾಕೆ, ನೀವು ಚಿಕ್ಕಂದಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದ ಹೊಳೆ ಅಂತಲೇ ಇಟ್ಟುಕೊಳ್ಳಿ.

ಆ ಹೊಳೆ ಒಂದು ಕಡೆ ಬಂಡೆಗಳ ಸಂದಿಯಲ್ಲಿ ನುಗ್ಗಿ ಬೆಳ್ಳಗೆ ನೊರೆಯಾಗುತ್ತಿತ್ತು. ಅದಕ್ಕೆ ಸ್ವಲ್ಪ ಮೇಲುಗಡೆ ಒಂದು ಮಡು. ಕಪ್ಪು ನೀರು, ಆಳ ಎಷ್ಟೋ ಕಂಡವರಿಲ್ಲ. ಮಡುವಿನ ದಡದಲ್ಲಿ ಗುಳ್ಳಯ್ಯನ ಗುಡಿಸಲು.

ಗುಳ್ಳಯ್ಯ ಬೆಸ್ತರವನು. ವಯಸ್ಸಿದ್ದಾಗ ಬಲೆ ಹಾಕಿ ಬದುಕಿದ. ಆಮೇಲೆ ಬಲೆ ಬಿಟ್ಟ, ಗಾಳ ಒಂದನ್ನು ಇಟ್ಟುಕೊಂಡ. ಸಿಕ್ಕ ಮೀನನ್ನು ಎರಡು ಕೈಯಲ್ಲಿ ಹಿಡಿದು, ಕಣ್ತುಂಬ ನೋಡಿ, ತಿರುಗಿ ನೀರಿಗೆ ಬಿಡುತ್ತಿದ್ದ.

"ತಿನ್ನಲ್ಲ, ಮಾರಲ್ಲ. ಮತ್ತೆ ಯಾಕಯ್ಯಾ ಹಿಡೀತೀಯ?" ಅಂತ ಯಾರಾದರೂ ಕೇಳಿದರೆ, "ನೋಡೋಕೆ" ಅನ್ನುತ್ತಿದ್ದ.

ಭಾನುವಾರ ಬಂತೆಂದರೆ ಪಟ್ಟಣದಿಂದ ಗಾಳದ ಹುಚ್ಚಿನವರು ಬರುತ್ತಿದ್ದರು, ಅವನ ಹತ್ತಿರ ಕಲಿಯೋಕೆ. ತಾನು ಗುರು ಅಂತ ಅವನು ಯಾವತ್ತೂ ಹೇಳಿಕೊಂಡವನಲ್ಲ. ಹಾಗೆ ಕರೆದರೆ ಓಗೊಡುತ್ತಿದ್ದ, ಅಷ್ಟೆ.

ಬಂದವರಲ್ಲಿ ಬಹಳ ಕಾಲ ನಿಂತವನು ಪಾಂಡು. ಪಟ್ಟಣದಲ್ಲಿ ಅವನದೊಂದು ವಾಚ್ ರಿಪೇರಿ ಅಂಗಡಿ. ಆರು ದಿನ ಒಂಟಿ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಇರುವೆಯ ಕಾಲಿನಂಥ ಸ್ಕ್ರೂ ತಿರುಗಿಸುವವನು, ಏಳನೇ ದಿನ ಮೊದಲ ಬಸ್ಸಿಗೆ ಬಂದು ಇಳಿಯುತ್ತಿದ್ದ. ಕೈಯಲ್ಲಿ ಚಿತ್ರಾನ್ನದ ಡಬ್ಬಿ.

ಮೊದಲನೇ ಭಾನುವಾರ ಕೇಳಿದ್ದ. "ಗುರುವೇ, ಗಾಳ ಯಾವಾಗ ಕೈಗೆ ಕೊಡ್ತೀರಿ?"

ಗುಳ್ಳಯ್ಯ ತೆಪ್ಪದ ಹುಟ್ಟನ್ನು ಅವನ ಕೈಗೆ ಕೊಟ್ಟ.

ಎರಡು ವರ್ಷ ಬರೀ ಹುಟ್ಟೇ. ಮುಂದುಗಡೆ ಗುರು ಗಾಳ ಹಿಡಿದು ಕೂರುವುದು, ಹಿಂದೆ ಪಾಂಡು ಹುಟ್ಟು ಹಾಕುವುದು. ಬಿದಿರು ಹೆಣೆದು ಡಾಂಬರು ಬಳಿದ ಬುಟ್ಟಿ ಆ ತೆಪ್ಪ, ಮೊರದ ಹಾಗೆ ದುಂಡಗೆ. ಒಂದು ಕಡೆ ಕೈ ಜಾಸ್ತಿಯಾದರೆ ಗಿರ್ರೆಂದು ತಿರುಗಿಬಿಡುತ್ತಿತ್ತು.

"ಈ ತೆಪ್ಪಕ್ಕೆ ಮುಂದು ಯಾವುದು ಗುರುವೇ?"

"ನಾನು ಯಾವ ಕಡೆ ನೋಡ್ತೀನೋ ಅದು."

"ಹಿಂದು?"

"ಅಲ್ಲಿ ನೀನು ಕೂತಿದ್ದೀಯಲ್ಲಪ್ಪ."

ಎಂಥ ಭಾನುವಾರಗಳು ಅವು. ಬಿಸಿಲಿಗೆ ಡಾಂಬರು ಕರಗಿದ ವಾಸನೆ. ಗಾಳಕ್ಕೆ ಸಿಕ್ಕಿಸೋಕೆ ಅಂತ ಬೇಯಿಸಿದ ರಾಗಿ ಉಂಡೆ, ಮುಟ್ಟಿದರೆ ಬೆಚ್ಚಗೆ. ಅದನ್ನೇ ಚೂರು ಮುರಿದು ಬಾಯಿಗೆ ಹಾಕಿಕೊಂಡು, "ನಿನ್ನ ಚಿತ್ರಾನ್ನಕ್ಕಿಂತ ಇದೇ ವಾಸಿ ಕಣ್ಲಾ" ಅನ್ನುತ್ತಿದ್ದ ಗುಳ್ಳಯ್ಯ. ಅಂದುಕೊಂಡೇ ಚಿತ್ರಾನ್ನವನ್ನೂ ಮುಗಿಸುತ್ತಿದ್ದ.

ಮೂರನೇ ವರ್ಷ ಆ ಮೀನು ಬಂತು.

ಮಧ್ಯಾಹ್ನದ ಹೊತ್ತು. ಗುರುವಿನ ಗಾಳದ ಕೋಲು ಒಂದೇ ಸಲ ಬಿಲ್ಲಿನ ಹಾಗೆ ಬಾಗಿತು. ಹಿತ್ತಾಳೆಯ ರೀಲು ಕಿರ್ರೆಂದು ಕೂಗಿತು. ಮಡುವಿನ ತಳದಲ್ಲಿದ್ದದ್ದು ಏನೋ ಇಡೀ ತೆಪ್ಪವನ್ನೇ ಎಳೆಯತೊಡಗಿತು.

"ಬಿಳಿಮೀನು ಕಣೋ" ಅಂದ ಗುಳ್ಳಯ್ಯ, ಬಲು ಮೆಲ್ಲಗೆ. ಹೊಳೆಯ ಮೀನುಗಳಲ್ಲೆಲ್ಲ ದೊಡ್ಡದು ಅದು.

ಪಾಂಡು ನೋಡಬಾರದಿತ್ತು. ನೋಡಿದ. ನೀರಿನೊಳಗೆ ಏನಾದರೂ ಹೊಳೆಯುತ್ತದೋ ಅಂತ ಬಗ್ಗಿದ, ಕೈಯಿಂದ ಹುಟ್ಟು ಜಾರಿತು. ತೆಪ್ಪ ಬುಗುರಿಯಾಯಿತು. ಆಕಾಶ, ದಡ, ಬಂಡೆ, ಗುರುವಿನ ಮುಖ, ಮತ್ತೆ ಆಕಾಶ. ನೊರೆನೀರಿನ ಸದ್ದು ಕಿವಿಯ ಪಕ್ಕಕ್ಕೆ ಬಂತು. ಪಾಂಡುವಿಗೆ ಈಜು ಬಾರದು. ಕಣ್ಣು ಮುಚ್ಚಿಕೊಂಡ.

ಟಪ್ಪೆಂದಿತು.

ಕಣ್ಣು ಬಿಟ್ಟಾಗ ಗಾಳದ ಕೋಲು ನೆಟ್ಟಗಾಗಿತ್ತು. ತಂಗೂಸಿ ದಾರ ಗಾಳಿಯಲ್ಲಿ ಸುಮ್ಮನೆ ಆಡುತ್ತಿತ್ತು. ಗುಳ್ಳಯ್ಯ ಎರಡು ಅಂಗೈಯಲ್ಲಿ ನೀರು ಬಾಚಿ ಬಾಚಿ ತೆಪ್ಪವನ್ನು ದಡಕ್ಕೆ ತಂದ.

"ಬಂಡೆಗೆ ಉಜ್ಜಿ ಹರೀತಾ ಗುರುವೇ?" ಅಂತ ಪಾಂಡು ಅಳುವ ಧ್ವನಿಯಲ್ಲಿ ಕೇಳಿದ.

"ಹುಟ್ಟು ಹುಡುಕೋಣ, ನಡಿ" ಅಂದ ಗುಳ್ಳಯ್ಯ.

ಆ ರೀಲನ್ನು ಅವನು ಇನ್ನೊಮ್ಮೆ ಬಳಸಲಿಲ್ಲ. ಬಟ್ಟೆಯಲ್ಲಿ ಸುತ್ತಿ ಗುಡಿಸಲಿನ ಮೊಳೆಗೆ ತೂಗುಹಾಕಿದ. ಪಾಂಡು ಆ ಗಂಟಿನ ಕಡೆ ತಲೆಯೆತ್ತಿ ನೋಡುತ್ತಿರಲಿಲ್ಲ.

ಗಾಳದವರ ಬಾಯಿ ಗೊತ್ತಲ್ಲ. ಸಿಕ್ಕ ಮೀನಿಗಿಂತ ತಪ್ಪಿಸಿಕೊಂಡ ಮೀನಿನ ಮಾತೇ ಜಾಸ್ತಿ. ಬಂದವರೆಲ್ಲ ಕೇಳುವವರೇ, "ಎಷ್ಟು ದೊಡ್ಡದಿತ್ತು ಗುಳ್ಳಯ್ಯ?" ಒಬ್ಬ ತೋಳು ಚಾಚಿ, "ಇಷ್ಟಾ?" ಇನ್ನೊಬ್ಬ ಅದಕ್ಕೂ ಚಾಚಿ, "ಇಷ್ಟಿತ್ತಂತೆ ಬಿಡಿ."

"ಗೊತ್ತಿಲ್ಲಪ್ಪ" ಅನ್ನುತ್ತಿದ್ದ ಗುಳ್ಳಯ್ಯ.

ಅಷ್ಟು ಹೊತ್ತು ಗಾಳದಲ್ಲಿದ್ದ ಮೀನಿನ ಉದ್ದ ಇವನಿಗೆ ಗೊತ್ತಿಲ್ಲವಂತೆ, ಹೊಟ್ಟೆಯೊಳಗೆ ಎಷ್ಟು ಸಂಕಟ ಇರಬೇಕು, ಅಂತ ಅವರು ಮಾತಾಡಿಕೊಳ್ಳುತ್ತಿದ್ದರು. ಪಾಂಡು ಕೇಳಿಸಿಕೊಳ್ಳುತ್ತಿದ್ದ. ಪ್ರತಿ ಸಲವೂ ಅವನ ಕೈಯಿಂದ ಹುಟ್ಟು ಇನ್ನೊಮ್ಮೆ ಜಾರುತ್ತಿತ್ತು.

ಹಾಗೇ ಕಾಲ ಸರಿಯಿತು. ಪಾಂಡುವಿನ ಅಂಗಡಿ ದೂರದ ಪಟ್ಟಣಕ್ಕೆ ಹೋಯಿತು. ಭಾನುವಾರ ಬಂದು ಹೋಗುವಷ್ಟು ಹತ್ತಿರವಲ್ಲ. ಒಂಬತ್ತು ವರ್ಷ ಅವನು ಹೊಳೆಯ ಮುಖ ನೋಡಲಿಲ್ಲ. ಆದರೆ ಅಂಗಡಿಯ ಗೋಡೆಯ ಮೇಲಿನ ಗಡಿಯಾರಗಳೆಲ್ಲ ಟಿಕ್ ಟಿಕ್ ಅನ್ನುವಾಗ ಒಂದು ಟಪ್ ಅನ್ನುವ ಸದ್ದು ಅವನ ಕಿವಿಯಲ್ಲಿ ಉಳಿದೇ ಇತ್ತು.

ಆ ಪಟ್ಟಣದಲ್ಲೂ ಗಾಳದವರಿದ್ದರು. ಅವರ ಹತ್ತಿರ ತೆಪ್ಪವಲ್ಲ, ಕಯಾಕ್ ಅನ್ನುವ ಕಿರಿದಾದ ಉದ್ದನೆಯ ದೋಣಿ. ದೋಣಿಯ ಮಾತು ಬಂದರೆ ಅವರಿಗೆ ಊಟ ಬೇಡ. ಒಬ್ಬನಿಗೆ ಅಗಲ ಇರಬೇಕು, ಎದ್ದು ನಿಂತು ಗಾಳ ಬೀಸೋಕೆ. ಒಬ್ಬನಿಗೆ ಹಗುರ ಇರಬೇಕು, ಯಾರ ಹಂಗೂ ಇಲ್ಲದೆ ಕಾರಿನ ಮೇಲೆ ಎತ್ತಿಡೋಕೆ. ಇನ್ನೊಬ್ಬನಿಗೆ ಬೆನ್ನಿಗೆ ಒರಗು, ಮತ್ತೊಬ್ಬನಿಗೆ ಸೈಕಲ್ಲಿನ ಹಾಗೆ ಕಾಲಲ್ಲಿ ತುಳಿಯೋ ಪೆಡಲ್ಲು.

ಪಾಂಡು ದೋಣಿ ಮಾರುವ ಅಂಗಡಿಗೆ ಹೋಗಿ ಒಂದೇ ಮಾತು ಕೇಳಿದ. "ಇದು ತಿರುಗುತ್ತಾ?"

"ಛೆ ಛೆ, ಬಾಣ ಸಾರ್. ಬಿಟ್ಟ ಕಡೆಗೆ ನೆಟ್ಟಗೆ ಹೋಗುತ್ತೆ" ಅಂದ ಅಂಗಡಿಯವನು.

ಅದನ್ನೇ ಕೊಂಡ. ಮುಂದಿನ ಭಾನುವಾರ ಕಾರಿನ ನೆತ್ತಿಗೆ ಬಿಗಿದುಕೊಂಡು, ಹಿಂದಿನ ರಾತ್ರಿಯೇ ಹೊರಟು ಹೊಳೆಯ ದಡಕ್ಕೆ ಬಂದ.

ಹೊಂಗೆ ಮರದ ಕೆಳಗೆ ಹಳೇ ತೆಪ್ಪ ಬೋರಲು ಬಿದ್ದಿತ್ತು. ಒಂದು ಅಂಚಿಗೆ ಕಲ್ಲು ಕೊಟ್ಟು ಎತ್ತರಿಸಿದ್ದರು. ಅದರಡಿ ಕೋಳಿಗಳ ಸಂಸಾರ. ಡಾಂಬರು ಬಿರುಕು ಬಿಟ್ಟು ಬಿದಿರು ಕಾಣುತ್ತಿತ್ತು.

ಗುಳ್ಳಯ್ಯ ಗುಡಿಸಲ ಮುಂದೆ ಕೂತಿದ್ದ. ಕೋಲು ಊರಿ ಎದ್ದ. ಮಂಡಿ ಎರಡೂ ಬಾತುಹೋಗಿದ್ದವು.

"ಇದೇನ್ಲಾ ಪಾಂಡು, ಅವರೆಕಾಯಿ ಹೊತ್ಕೊಂಡು ಬಂದಿದ್ದೀಯ?"

ಪಾಂಡು ಕಾಲು ಮುಟ್ಟಿ ನಮಸ್ಕಾರ ಮಾಡಿದ. "ದೋಣಿ ಗುರುವೇ. ನೀರಿಗಿಳಿಸ್ತೀನಿ, ನೋಡಿ."

"ನೀರಿಗೆ ಆಮೇಲೆ. ಮೊದಲು ಮರಳ ಮೇಲೆ ಇಟ್ಟು ಕೂತ್ಕೊ."

"ಮರಳ ಮೇಲೆ ಏನು ಮಾಡ್ಲಿ?"

"ಕೂತ್ಕೊ ಅಂದೆ. ಹೊಳೆ ಎಲ್ಲಿಗೂ ಹೋಗಲ್ಲ."

ಹರಿದು ಹೋಗುತ್ತಲೇ ಇದ್ದ ಹೊಳೆಯನ್ನು ಪಾಂಡು ಒಮ್ಮೆ ನೋಡಿದ. ಕೂತ.

ಬಿಸಿಲು ಏರಿತು. ಮುಳುಗದ ಹಾಗೆ ಎದೆಗೆ ಕಟ್ಟಿಕೊಂಡಿದ್ದ ಜಾಕೆಟ್ಟಿನೊಳಗೆ ಬೆವರು ಹರಿಯಿತು. ಬಿಚ್ಚಿ ಹೊಂಗೆಯ ಕೊಂಬೆಗೆ ಹಾಕಿ ಬಂದು ಮತ್ತೆ ಕೂತ. ಕೋಳಿಯೊಂದು ಬಂದು ದೋಣಿಯ ಮೂತಿಯ ಮೇಲೆ ನಿಂತು ಅವನನ್ನೇ ನೋಡಿತು.

"ರಾಗಿ ಉಂಡೆ ಎಲ್ಲಿಡ್ತೀಯ?" ಗುಳ್ಳಯ್ಯ ಕೂತಲ್ಲಿಂದಲೇ ಕೇಳಿದ.

"ಇಲ್ಲಿ ಗುರುವೇ, ಕಾಲ ಹತ್ತಿರ ಡಬ್ಬಿ ಇದೆ."

"ಗಾಳದ ಕೋಲು?"

"ಬೆನ್ನ ಹಿಂದೆ ಎರಡು ಕೊಳವೆ. ಸಿಕ್ಕಿಸಿದರೆ ಆಯ್ತು."

"ಚೂರಿ?"

"ತೊಡೆ ಪಕ್ಕದಲ್ಲೇ. ಗುಂಡಿ ಒತ್ತಿದರೆ ಕೈಗೆ ಬರುತ್ತೆ."

"ಎಲ್ಲಾ ಇದೆಯಪ್ಪ. ನಾನು ಎಲ್ಲಿ ಕೂರ್ಲಿ?"

ಪಾಂಡು ದೋಣಿಯೊಳಗೆ ಕಣ್ಣಾಡಿಸಿದ. ದೋಣಿಯಲ್ಲಿದ್ದದ್ದು ಒಂದೇ ಆಸನ.

"ಬೇಕೂಂತಲೇ ಒಂಟಿ ಆಸನದ್ದು ತಗೊಂಡೆ ಗುರುವೇ" ಅಂದ. "ನನ್ನ ಹುಟ್ಟು ನಂಬಿ ಕೂತವರು ನೀವು. ನಿಮ್ಮ ಮೀನು ಹೋಯ್ತು. ಇನ್ನು ಯಾರೂ ಹಾಗೆ ಕೂರೋದು ಬೇಡ. ಇವತ್ತು ಆ ಮೀನು ಹಿಡಿದು ದಡಕ್ಕೆ ತರ್ತೀನಿ. ನೀವು ಕಣ್ತುಂಬ ನೋಡಿ, ಆಮೇಲೆ ಬಿಟ್ಟುಬಿಡೋಣ. ಅದೊಂದು ಆಗಿಬಿಟ್ಟರೆ ನನ್ನ ಎದೆ ಹಗುರವಾಗುತ್ತೆ."

"ಅದೇ ಮೀನು ಇನ್ನೂ ಇದೆ ಅಂತೀಯಾ?"

"ಅದಿಲ್ಲದಿದ್ದರೆ ಅದರ ಮಗ ಇರ್ತಾನೆ."

ಗುಳ್ಳಯ್ಯ ಬೊಚ್ಚು ಬಾಯಿ ತುಂಬ ನಕ್ಕ. "ಹೋಗಿ ಬಾ ಹಂಗಾದ್ರೆ."

ಪಾಂಡು ದೋಣಿಯನ್ನು ನೀರಿಗೆ ತಳ್ಳಿದ. ಅವಸರದಲ್ಲಿ ಜಾಕೆಟ್ಟು ಕೊಂಬೆಯ ಮೇಲೇ ಉಳಿಯಿತು.

ಮಡುವಿನ ನಡುವೆ ಹೋಗಿ ರಾಗಿ ಉಂಡೆ ಸಿಕ್ಕಿಸಿ ಗಾಳ ಇಳಿಬಿಟ್ಟ. ನೀರು ಹಾಗೇ ಇತ್ತು. ಬಂಡೆಗಳೂ ಹಾಗೇ ಇದ್ದವು. ಹಿಂದೆ ಯಾರಾದರೂ ಕೆಮ್ಮಬಹುದು ಅಂತ ಎರಡು ಸಲ ತಿರುಗಿ ನೋಡಿದ. ಹಿಂದೆ ಬರೀ ಕೊಳವೆ.

ಹೊತ್ತು ಸ್ವಲ್ಪ ವಾಲಿತು. ಆಗ ಕೋಲು ಬಾಗಿತು.

ಅದೇ ಬಾಗು, ಅದೇ ಎಳೆತ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ದೋಣಿ ತಿರುಗಲೇ ಇಲ್ಲ. ಮೀನು ಎಳೆದ ಕಡೆಗೆ, ಬಾಣದ ಹಾಗೆ, ನೆಟ್ಟಗೆ ಬಂಡೆಗಳತ್ತ ಹೊರಟಿತು.

ಎರಡು ಕೈಯೂ ಕೋಲಿನಲ್ಲಿ. ಹುಟ್ಟು ಹಾಕೋಕೆ ಮೂರನೇ ಕೈ ಇಲ್ಲ.

ನೊರೆಯ ಸದ್ದು ಹತ್ತಿರವಾಯಿತು. ತೊಡೆಯ ಪಕ್ಕ ಚೂರಿ ಇತ್ತು. ಕೈ ಅತ್ತ ಹೋಗಲಿಲ್ಲ. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ, ಮೀನಿನ ಬೆನ್ನು ಮೇಲಕ್ಕೆ ಬರುತ್ತೆ. ಇನ್ನೊಮ್ಮೆ ಕಳೆದುಕೊಂಡರೆ ಗುರುವಿಗೆ ಮುಖ ತೋರಿಸುವುದು ಹೇಗೆ? ಕಪ್ಪು ನೀರಿನಲ್ಲಿ ಏನೋ ಬೆಳ್ಳಗೆ ಏಳತೊಡಗಿತು.

ಅಷ್ಟರಲ್ಲಿ ದಡದ ಕಡೆ ಕೋಳಿಗಳೆಲ್ಲ ಒಟ್ಟಿಗೆ ಬಾಯಿ ಮಾಡಿದವು.

ಪಾಂಡು ತಿರುಗಿ ನೋಡಿದ.

ಗುಳ್ಳಯ್ಯ ತೆಪ್ಪವನ್ನು ಮಗುಚಿ ನೆಟ್ಟಗೆ ಮಾಡಿದ್ದ. ಕೂಗಲಿಲ್ಲ, ಕರೆಯಲಿಲ್ಲ. ಊರುಗೋಲು ಅಷ್ಟು ದೂರದಲ್ಲಿ ಬಿದ್ದಿತ್ತು. ಆ ಬಾತ ಮಂಡಿಯನ್ನು ಮರಳಿಗೆ ಊರಿ, ತೆಪ್ಪದ ಅಂಚು ಹಿಡಿದು, ಒಂದೊಂದೇ ಮೊಳ ನೀರಿನ ಕಡೆ ಎಳೆಯುತ್ತಿದ್ದ. ಒಂಬತ್ತು ವರ್ಷ ಡಾಂಬರು ಕಾಣದ ತೆಪ್ಪ. ಇಳಿದರೆ ನಾಲ್ಕು ಮಾರು ಹೋಗುವುದಿಲ್ಲ. ಅದು ಅವನಿಗೆ ಗೊತ್ತಿಲ್ಲದ್ದೇ?

ಪಾಂಡು ಗುಂಡಿ ಒತ್ತಿದ. ಚೂರಿ ಕೈಗೆ ಬಂತು.

ಟಪ್ಪೆಂದಿತು.

ಬಂಡೆ ಇನ್ನು ಎರಡು ಮಾರು ಇತ್ತು. ಕೋಲನ್ನು ಕಾಲಡಿಗೆ ಎಸೆದು, ಹುಟ್ಟು ಹಿಡಿದು, ತೋಳು ಕಿತ್ತು ಹೋಗುವ ಹಾಗೆ ದಡಕ್ಕೆ ಹಾಕಿದ. ಬರುವಷ್ಟರಲ್ಲಿ ಗುಳ್ಳಯ್ಯ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ತೆಪ್ಪದೊಳಗೆ ಆಗಲೇ ಅರ್ಧ ಹೊಳೆ.

ಪಾಂಡು ಅವನ ತೋಳು ಹಿಡಿದು ಮರಳ ಮೇಲೆ ಕೂರಿಸಿದ. ಇಬ್ಬರೂ ಏದುಸಿರು ಬಿಟ್ಟರು.

"ಎರಡನೇ ಸಲ ಕಳೆದೆ ಗುರುವೇ."

"ಒಳಗೆ ಹೋಗಿ ಆ ಮೊಳೆಗೆ ತೂಗುಹಾಕಿದ ಗಂಟು ತಗೊಂಡು ಬಾ."

ಪಾಂಡು ತಂದ. ಗುಳ್ಳಯ್ಯ ಬಟ್ಟೆ ಬಿಚ್ಚಿದ. ಹಿತ್ತಾಳೆಯ ರೀಲು ಕಪ್ಪಗಾಗಿತ್ತು. ಸುತ್ತಿದ ದಾರದ ತುದಿಯನ್ನು ಉಗುರಿನಲ್ಲಿ ಎತ್ತಿ ಅವನ ಕೈಗಿಟ್ಟ.

"ನೋಡು. ಸಣ್ಣದ್ದು ನೋಡೋದೇ ನಿನ್ನ ಕಸುಬು."

ಪಾಂಡು ಜೇಬಿನಲ್ಲಿ ಸದಾ ಇರುತ್ತಿದ್ದ ಗಾಜನ್ನು ಕಣ್ಣಿಗೆ ಸಿಕ್ಕಿಸಿದ.

ಬಂಡೆಗೆ ಉಜ್ಜಿ ಹರಿದ ದಾರದ ತುದಿ ಮುಸುಕಿನ ಜೋಳದ ತೆನೆಯ ಕೂದಲಿನ ಹಾಗೆ ಕೆದರಿರುತ್ತದೆ. ಇದು ಕೆದರಿರಲಿಲ್ಲ. ಓರೆಯಾಗಿ, ನುಣ್ಣಗೆ, ಒಂದೇ ಏಟು.

ತನ್ನ ಕೋಲಿನ ದಾರವನ್ನು ಎಳೆದುಕೊಂಡು ಅದರ ಪಕ್ಕಕ್ಕೆ ಹಿಡಿದ. ಎರಡೂ ಒಂದೇ.

ಗಾಜು ಮಸುಕಾಯಿತು. ತೆಗೆದು ಒರೆಸಿದ. ಮತ್ತೆ ಸಿಕ್ಕಿಸಲಿಲ್ಲ.

ಕೋಳಿಗಳು ತೆಪ್ಪ ಇದ್ದ ಜಾಗಕ್ಕೆ ಮರಳಿ ಬಂದು, ಮೇಲೆ ಸೂರಿಲ್ಲದ್ದು ಕಂಡು, ಸುಮ್ಮನೆ ನಿಂತವು.

ಗುಳ್ಳಯ್ಯ ಕೇಳಿದ. "ಎಷ್ಟು ದೊಡ್ಡದಿತ್ಲಾ?"

"ನೋಡಲಿಲ್ಲ ಗುರುವೇ. ನಿಮ್ಮನ್ನ ನೋಡ್ತಿದ್ದೆ."

ಗುಳ್ಳಯ್ಯ ರೀಲನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ.

"ನಾನೂ ಅವತ್ತು ನೋಡಲಿಲ್ಲ, ಮಗ."