ಅವಸರದ ಮಡು

ಭೀಮೆಯ ಬಯಲಿನಲ್ಲಿರುವ ಕುರುವಿನಾಳಕ್ಕೆ ಹೋದವರಿಗೆ ಮೊದಲು ಕಾಣುವುದು ಹೊಳೆಯಲ್ಲ. ಜೋಳದ ಹೊಲಗಳ ನಡುವೆ ಕುಡುಗೋಲಿನಂತೆ ಬಾಗಿ ಮಲಗಿದ ನೀರು. ಅದಕ್ಕೆ ಜನ ಹತ್ತಿಳಿಯುವ ಮೆಟ್ಟಿಲಿನ ಕಡವುಂಟು, ಹರಿಗೋಲು ಕಟ್ಟುವ ಗೂಟಗಲ್ಲುಂಟು. ಹೊಳೆ ಮಾತ್ರ ಅರ್ಧ ಹರದಾರಿ ಆಚೆ ನೆಟ್ಟಗೆ ಹರಿಯುತ್ತದೆ. ಅಲುಗದ ಈ ನೀರಿಗೆ ಅವಸರದ ಮಡು ಎಂದು ಹೆಸರು. ಬಂದವರು ನಗುತ್ತಾರೆ, ಊರವರು ನಗುವುದಿಲ್ಲ.

ಹಿಂದೆ ಒಮ್ಮೆ ಹೊಳೆ ಇಲ್ಲಿಯೇ ಹರಿಯುತ್ತಿತ್ತು ಎನ್ನುತ್ತಾರೆ. ಊರನ್ನು ಬಳಸಿಕೊಂಡು ದೊಡ್ಡ ಸುತ್ತು ಹೊಡೆದು, ಬಿಟ್ಟ ಜಾಗದ ಹತ್ತಿರಕ್ಕೇ ಮತ್ತೆ ಬರುತ್ತಿತ್ತು. ನಡುವೆ ಉಳಿದದ್ದು ಎರೆಮಣ್ಣಿನ ಸಣ್ಣದೊಂದು ಕೊರಳು. ಸುತ್ತು ಬೇಡವೆಂದವರು ಸರಕು ಇಳಿಸಿ, ಹರಿಗೋಲನ್ನು ತಲೆಯ ಮೇಲೆ ಹೊತ್ತು ಆ ಕೊರಳು ದಾಟಬೇಕು, ನೆಲಕ್ಕೆ ತಾಗಿಸಬಾರದು. ಇದು ಹಿರಿಯರ ಕಟ್ಟಳೆ. ಅಂಬಿಗರ ಭರಮಣ್ಣನಿಗೆ ಅಷ್ಟು ತಾಳ್ಮೆಯೆಲ್ಲಿ? ಒಂದು ಕಡೆ ಕೂತರೆ ಅವನಿಗೆ ಮೈ ಉರಿ. ಮೇಲೂರುಗಳ ಹತ್ತಿಯನ್ನು ಕೆಳಗಿನ ಸಂತೆಗೆ ಎಲ್ಲರಿಗಿಂತ ಮೊದಲು ಮುಟ್ಟಿಸುವ ಹುಚ್ಚು. ಕೊರಳಿನ ಈ ಬದಿಯಿಂದ ಆ ಬದಿಗೆ ಗುದ್ದಲಿಯಿಂದ ಜಾಡು ಕೆತ್ತಿದ, ನೀರು ಸುರಿದ. ನೆನೆದ ಎರೆಯ ಮೇಲೆ ತುಂಬಿದ ಹರಿಗೋಲು ಬೆಣ್ಣೆಯಂತೆ ಜಾರಿತು. ಅಂದಿನಿಂದ ತನ್ನ ಮನೆಯ ಮುಂದಿನ ಕಡವಿಗೂ ಅವನು ಬರುವುದು ಅಪರೂಪವಾಯಿತು.

"ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟೀಯೇನು? ಮನಿ ಮುಂದ ಹಾದು ಹೋಗಾಕೂ ಬ್ಯಾಸರಾ?" ಎಂದಳು ಹೆಂಡತಿ ಯಮನವ್ವ.

"ಹೊಳಿ ಸುತ್ತು ಹೊಡದು ಸಾಯ್ತೈತಿ. ನಾ ಯಾಕ ಸಾಯ್ಲಿ?"

"ಅದು ಸುತ್ತು ಹೊಡೀತೈತಿ ಅಂತನ ನಮ್ಮ ಕಡವಿನಾಗ ನೀರೈತಿ. ಆ ಜಾಡು ಮುಚ್ಚು."

ನಾಳೆ ಮುಚ್ಚುವೆನೆಂದು ಹೋದವನು ಸಂತೆಯೂರಿನಲ್ಲಿರುವಾಗಲೇ ಮಘೆ ಮಳೆಗೆ ಹೊಳೆ ಏರಿತು. ಕೆತ್ತಿಟ್ಟ ಜಾಡು ಅದಕ್ಕೂ ಹಿಡಿಸಿತು. ಭರಮಣ್ಣ ಹರಿಗೋಲು ಹೊತ್ತು ಮರಳಿದಾಗ ಕೊರಳೇ ಇರಲಿಲ್ಲ. ಹೊಳೆ ಅದನ್ನು ಕಡಿದುಕೊಂಡು ನೆಟ್ಟಗೆ ಓಡುತ್ತಿತ್ತು. ಹಳೆಯ ಸುತ್ತಿನ ಎರಡೂ ಬಾಯಿಗೆ ಉಸುಕು ಕಟ್ಟಿ, ಒಳಗಿನ ನೀರು ಸಿಕ್ಕಿಬಿದ್ದಿತ್ತು. ಅವನು ಕಡವಿಗೆ ಬಂದು ಹರಿಗೋಲು ಇಳಿಸಿದ. ಅದು ಇಟ್ಟಲ್ಲೇ ನಿಂತಿತು. ಮೆಟ್ಟಿಲ ಮೇಲಿದ್ದ ಯಮನವ್ವ ಬೈಯಲಿಲ್ಲ. "ಕೂಡು. ನೀರೂ ಕೂತೈತಿ," ಎಂದಳು.

ಅವನಿಗೆ ಕೂಡಲಾಗಲಿಲ್ಲ. ಇನ್ನೆಲ್ಲಿಗೂ ಹೋಗಲು ಮುಖವಿಲ್ಲದೆ, ಬದುಕಿರುವ ತನಕ ಆ ಬಾಗಿನಲ್ಲೇ ತುದಿಯಿಂದ ತುದಿಗೆ ಹುಟ್ಟು ಹಾಕುತ್ತಿದ್ದನಂತೆ. ನೋಡಿದವರು ಇಟ್ಟ ಹೆಸರೇ ಇದು. ಕಡವಿನ ಕೆಳಮೆಟ್ಟಿಲು ಇಂದಿಗೂ ಪಾಚಿಗಟ್ಟಿದೆ. ಅಂಬಿಗರು ಹೊಸ ಹರಿಗೋಲು ಕಟ್ಟಿದರೆ, ನೆಲಕ್ಕೆ ತಾಗಿಸದೆ ತಲೆಯ ಮೇಲೆ ಹೊತ್ತು ಮೊದಲು ಈ ಮಡುವಿಗೆ ತರುತ್ತಾರೆ. ಅದು ಇಟ್ಟಲ್ಲಿ ಒಮ್ಮೆ ನಿಂತ ಮೇಲೆಯೇ ಹೊಳೆಗೆ ಒಯ್ಯುವುದು.